ಬೋರ್ಡಿನ ಮೇಲೆ ಇನ್ನೊಂದು ಪದ

"ಏನಂದೆ? ಇನ್ನೊಂದ್ಸಲ ಹೇಳು," ಎಂದಳು ಬುಬುಸೈರಾ. ಸಹಿ ಹಾಕಲು ಕಾಗದಕ್ಕೆ ತಾಗಿಸಿದ್ದ ಪೆನ್ನು ಅಲ್ಲೇ ನಿಂತಿತು.

ನರಿನ್ ಊರಿನ ಗ್ರಂಥಾಲಯದಲ್ಲಿ, ಉಣ್ಣೆಯ ಹಾಸು ಹೊಲಿಯುವ ಹೆಂಗಸರಿಗೆ ಇಂಗ್ಲಿಷ್ ಕಲಿಸುವ ನುರ್ಜಾಮಲ್ ಬೋರ್ಡಿನತ್ತ ಕೈ ತೋರಿಸಿದಳು. "ರಿಲಿಂಕ್ವಿಶ್, ಅಕ್ಕ. ನಮ್ಮದನ್ನ ನಾವಾಗೇ ಬಿಟ್ಟುಕೊಡೋದು. ಆಮೇಲೆ ಅದು ನಮ್ದು ಅನ್ನೋ ಹಾಗಿಲ್ಲ."

ಅದೇ ಪದ ಆ ಇಂಗ್ಲಿಷ್ ಕರಾರು ಕಾಗದದ ಮೂರನೇ ಸಾಲಿನಲ್ಲಿತ್ತು. ವಿದೇಶಿ ಕಂಪನಿಯ ಪರವಾಗಿ ಬಂದು, ಪಾಠ ಮುಗಿಯುವವರೆಗೂ ತಾಳದೆ ಪಕ್ಕದಲ್ಲೇ ಕೂತಿದ್ದ ಎರ್ಮೆಕ್ ಆ ಸಾಲಿಗೆ, "ನಿಮ್ಮ ಹೆಸರು ಲೋಕಕ್ಕೆಲ್ಲ ಗೊತ್ತಾಗತ್ತೆ" ಎಂದು ಅರ್ಥ ಹೇಳಿದ್ದ. ಬುಬುಸೈರಾ ಬಿಟ್ಟುಕೊಡಬೇಕಾಗಿದ್ದುದು ಕೆಳಗೆ ಅಚ್ಚಾಗಿದ್ದ ಟಗರುಕೊಂಬಿನ ಚಿತ್ತಾರವನ್ನು. ಅವಳ ತಾಯಿ ಅದನ್ನು ಸೀಮೆಸುಣ್ಣದಲ್ಲಿ ಬರೆದು, ಕೆಂಪು ಕಪ್ಪು ಎರಡು ಹಾಸನ್ನೂ ಒಟ್ಟಿಗೇ ಕತ್ತರಿಸಿ, ಒಂದು ಚೂರನ್ನೂ ಬಿಸಾಡದೆ ಒಂದರೊಳಗೊಂದು ಕೂಡಿಸಿ ಹೊಲಿಯುತ್ತಿದ್ದಳು.

"ಎಲ್ಲಾ ಕಾಗದದಲ್ಲೂ ಹೀಗೇ ಇರತ್ತೆ ಅಕ್ಕ, ಹಾಕ್ಬಿಡಿ," ಎಂದ ಎರ್ಮೆಕ್.

"ನೀನು ಬಾಯಿ ಮುಚ್ಕೊಂಡು ಕೂತ್ಕೋ ತಮ್ಮ. ನೀನು ಮಾಡಿದ ಪಾಠ ಸಾಕು." ಬುಬುಸೈರಾ ಟೀಚರ್ ಕಡೆ ತಿರುಗಿದಳು. "ಅರ್ಥ ಗೊತ್ತಿಲ್ದೆ ಸಹಿ ಹಾಕಿದ್ರೂ ಇದೇ ಪದಾನಾ?"

"ಇಲ್ಲ ಅಕ್ಕ. ಗೊತ್ತಿದ್ದು ಬಿಟ್ಟುಕೊಟ್ರೆ ಮಾತ್ರ ಇದು. ಸುಳ್ಳು ಹೇಳಿ ಕಿತ್ಕೊಂಡ್ರೆ ಅದಕ್ಕೆ ಬೇರೆ ಪದ ಇದೆ."

ಬುಬುಸೈರಾ ಪೆನ್ನಿಗೆ ಮುಚ್ಚಳ ಹಾಕಿ ಎರ್ಮೆಕ್‌ನ ಮುಂದೆ ಕುಕ್ಕಿದಳು.

"ಹಾಗಾದ್ರೆ ಅದನ್ನೂ ಬರಿಯಮ್ಮ, ದೊಡ್ಡದಾಗಿ. ಪಕ್ಕದಲ್ಲೇ ಇವನ ಹೆಸರು ಬರಿ. ಆ ಪದ ಬಳಸೋದು ಹೇಗೆ ಅಂತ ಎಲ್ರೂ ಕಲೀಲಿ."