ಸುಮಂಗಲಾಳ ಪಾಳಿ

ಶಶಿಧರ, ಸುಮಂಗಲಾ ದಂಪತಿ ಹುಬ್ಬಳ್ಳಿಯ ಒಂದೇ ವಿಮಾ ಕಂಪನಿಯಲ್ಲಿ ಕೆಲಸಕ್ಕಿದ್ದರು. ಇಬ್ಬರಿಗೂ ಸ್ವಂತದ್ದೊಂದು ಮಾಡುವ ಆಸೆ. ಅವನಿಗೆ ಪ್ರಿಂಟಿಂಗ್ ಪ್ರೆಸ್ಸು, ಅವಳಿಗೆ ಕಸೂತಿ ಸೀರೆಯ ಅಂಗಡಿ. ಆದರೆ ಮನೆ ನಡೆಯಲು ಒಬ್ಬರ ಪಗಾರವಾದರೂ ಬೇಕಿತ್ತು.

"ಮೊದಲ ನಾ ಕೆಲಸ ಬಿಡ್ತೀನಿ. ನೀ ಎರಡು ವರ್ಷ ತಡಿ. ಆಮ್ಯಾಲೆ ನಿನ್ನ ಪಾಳಿ," ಎಂದಿದ್ದ ಅವನು.

ಎರಡು ವರ್ಷ ಹೋಗಿ ಹನ್ನೊಂದಾಯಿತು. ಪ್ರೆಸ್ಸು ದೊಡ್ಡದಾಯಿತು. ಅವಳು ಮಾತ್ರ ರವಿವಾರ ಮಧ್ಯಾಹ್ನ ಕಿಟಕಿಯ ಬಳಿ ಕೂತು, ಎಳೆ ಎಣಿಸಿ ಸೆರಗಿಗೆ ಗೋಪುರ, ಆನೆ ಹಾಕುತ್ತಿದ್ದಳು. ಅಂಥ ಹದಿನಾಲ್ಕು ಸೀರೆಗಳು ಕಪಾಟಿನಲ್ಲಿ ಕೂತಿದ್ದವು.

ಒಂದು ದಿನ ಅವನೇ ಹೇಳಿದ. "ಸುಮಾ, ಸಾಕಿನ್ನ. ರಾಜೀನಾಮೆ ಕೊಟ್ಟು ಬಾ. ಪ್ರೆಸ್ಸಿನ ಬಾಜೂಕ ನಿನಗೊಂದು ಜಾಗಾ ತಯಾರ ಮಾಡೀನಿ."

"ಖರೇನ ಅಂತೀರೇನ್ರಿ?"

"ಖರೇನ. ಬಣ್ಣಾ ಸುದ್ದಾ ಹಚ್ಚಿಸೀನಿ."

ಆ ರಾತ್ರಿ ಅವಳಿಗೆ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ಕಂಪನಿ ಬಿಟ್ಟ ಮರುದಿನ ಬೆಳಿಗ್ಗೆ ಅವಳು ತಾನು ಕಸೂತಿ ಹಾಕಿದ ಮೊದಲ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಅವನ ಜೊತೆ ಹೊರಟಳು. ಹೊಸ ಜಾಗದ ಬಾಗಿಲಿಗೆ ಅವನು ಚೆಂಡು ಹೂವಿನ ಮಾಲೆ ಕಟ್ಟಿಸಿದ್ದ. ಬಲಗಾಲಿಟ್ಟು ಒಳಗೆ ಹೋದಳು.

ಒಂದು ಮೇಜು, ಒಂದು ಕುರ್ಚಿ, ಕಂಪ್ಯೂಟರು, ಫೋನು.

"ಪ್ರೆಸ್ಸಿನ ಗಿರಾಕಿಗಳ ಫೋನ್ ಎತ್ತಾಕ ನಂಬಿಗಸ್ತರು ಒಬ್ಬರೂ ಸಿಕ್ಕಿರಲಿಲ್ಲ," ಎನ್ನುತ್ತ ಅವನೇ ಕುರ್ಚಿ ಒರೆಸಿ ಅವಳತ್ತ ಸರಿಸಿದ. "ಇನ್ನ ಮ್ಯಾಲೆ ನೀ ಮಂದಿ ಕೈಯಾಗ ದುಡಿಯೂದು ಬ್ಯಾಡ, ನೋಡು."