ಏಳನೆಯ ಪುಟದ ಕೋಷ್ಟಕ

ಏಳನೆಯ ಪುಟದ ಕೋಷ್ಟಕಕ್ಕೆ ಬಂದಾಗ ಡಾಕ್ಟರಮ್ಮನ ಪೆನ್ಸಿಲ್ ನಿಂತಿತು. ಹಸುಗೂಸುಗಳಿಗೆ ಕೊಡುವ ಔಷಧಿಯೊಂದರ ಮೇಲಿನ ಸಂಶೋಧನಾ ಲೇಖನ ಅದು. ಪ್ರಕಟಿಸುವ ಮೊದಲು ಪತ್ರಿಕೆಯೊಂದು ಅವಳ ಅಭಿಪ್ರಾಯ ಕೇಳಿತ್ತು. ಲೇಖನದ ಒಳಗೆ ಇಡೀ ದಿನಕ್ಕೆ ಎಂದಿದ್ದ ಪ್ರಮಾಣ ಕೋಷ್ಟಕದಲ್ಲಿ ಒಂದು ಹೊತ್ತಿಗೆ ಎಂದಾಗಿತ್ತು. ದಿನಕ್ಕೆ ಮೂರು ಹೊತ್ತು ಕೊಡುವ ಔಷಧಿ. ಅವಸರದ ಡಾಕ್ಟರುಗಳು ಇಪ್ಪತ್ತು ಪುಟ ಓದುವ ಪೈಕಿಯವರಲ್ಲ, ಕೋಷ್ಟಕ ನೋಡಿ ಸಿರಿಂಜ್ ತುಂಬುತ್ತಾರೆ. ಎರಡು ಕಿಲೋದ ಕೂಸು ಅಷ್ಟನ್ನು ತಡೆದುಕೊಳ್ಳುವುದಿಲ್ಲ.

ಅವಳ ಅಮ್ಮ ಎದುರಿಗೆ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಕೈ ಸುಮ್ಮನಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಕೈಗೆ ಕೆಲಸವಿದ್ದರೂ ಅಷ್ಟೆ.

"ರಜೆ ದಿನಾನೂ ಬೆಳಗ್ಗಿಂದ ಅದರಲ್ಲೇ ಮುಳುಗಿದೀಯಲ್ಲೇ. ಎಷ್ಟು ಕೊಡ್ತಾರೆ?"

"ಏನೂ ಕೊಡಲ್ಲಮ್ಮ."

"ಬರೆದೋರಿಗೆ?"

"ಅವರೇ ಪತ್ರಿಕೆಗೆ ದುಡ್ಡು ಕಟ್ಟಬೇಕು. ಲೇಖನ ಒಪ್ಪಿಗೆ ಆದ್ರೆ ಮಾತ್ರ."

"ಆಗದಿದ್ರೆ ಏನೂ ಇಲ್ಲ?"

"ಇಲ್ಲ."

ಅಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು. "ಹಾಗಾದ್ರೆ ಬೇಡ ಅನ್ನೋಕೆ ಆ ಅಂಗಡಿಯವನಿಗೆ ಹೇಗೇ ಮನಸ್ಸು ಬರುತ್ತೆ?"

ಡಾಕ್ಟರಮ್ಮನಿಗೆ ನಗು ಬಂತು. ಕೋಷ್ಟಕ ತಪ್ಪು, ತಿದ್ದುವವರೆಗೆ ಪ್ರಕಟಿಸಕೂಡದು ಎಂದು ಹನ್ನೊಂದು ಸಾಲು ಬರೆದು ಕಳಿಸಿ ಊಟಕ್ಕೆ ಎದ್ದಳು.

ಹದಿನೈದು ದಿನಕ್ಕೆ ಪ್ರಕಾಶನ ಸಂಸ್ಥೆಯ ಮ್ಯಾನೇಜರ್ ಫೋನ್ ಮಾಡಿದ. ಬೆಣ್ಣೆಯಂಥ ಮಾತು.

"ನಿಮ್ಮ ವರದಿ ಬಹಳ ಚೆನ್ನಾಗಿತ್ತು ಮೇಡಂ. ಆ ಲೇಖನ ಕೈಬಿಟ್ವಿ. ಈಗ ನಮ್ಮದೇ ಇನ್ನೊಂದು ಪತ್ರಿಕೆಗೆ ದಾಟಿಸ್ತಿದೀವಿ. ಅಲ್ಲಿ ಶುಲ್ಕಾನೂ ಸ್ವಲ್ಪ ಕಮ್ಮಿ."

"ಕೋಷ್ಟಕ ತಿದ್ದಿದ್ರಾ?"

"ಅದು ಆ ಸಂಪಾದಕರಿಗೆ ಬಿಟ್ಟಿದ್ದು. ನಿಮ್ಮ ವರದಿನೂ ಜೊತೆಗೇ ಕಳಿಸ್ತೀವಿ, ಒಪ್ಪಿಗೆ ತಾನೆ? ಬೇರೆಯವರನ್ನ ಹುಡುಕೋ ತಾಪತ್ರಯ ಇರಲ್ಲ. ಮೊದಲೆಲ್ಲ ನೂರಕ್ಕೆ ಎಂಬತ್ತು ಲೇಖನ ಕೈತಪ್ಪಿ ಹೋಗ್ತಿತ್ತು ಮೇಡಂ. ಈಗ ಒಂಬತ್ತು ಪತ್ರಿಕೆ ಮಾಡಿದೀವಿ, ಒಂದರಲ್ಲಿ ಆಗದ್ದು ಇನ್ನೊಂದರಲ್ಲಿ ಆಗುತ್ತೆ. ಈ ವರ್ಷದಷ್ಟು ಲಾಭ ಯಾವತ್ತೂ ಬಂದಿರಲಿಲ್ಲ."

"ಕಳಿಸಿ. ಆದ್ರೆ ಓದೋಕೆ ಹೇಳಿ."

"ಖಂಡಿತ ಮೇಡಂ, ಖಂಡಿತ."

ಅವಳಿಗೆ ನಿಜಕ್ಕೂ ಸಮಾಧಾನವಾಯಿತು. ಹನ್ನೊಂದೇ ಸಾಲು, ಅದರಲ್ಲಿ ಮೊದಲನೆಯದೇ ಕೋಷ್ಟಕದ ವಿಷಯ. ಎಂಥ ಸೋಮಾರಿ ಸಂಪಾದಕನೂ ಅಷ್ಟನ್ನು ಓದಿಯೇ ಓದುತ್ತಾನೆ ಎಂದುಕೊಂಡಳು. ಪಾಪ, ಅವಳ ಲೆಕ್ಕ ತಪ್ಪಿದ್ದು ಅಲ್ಲೊಂದೇ ಕಡೆ.

ಎರಡು ತಿಂಗಳಾಗಿರಬೇಕು. ಬೆಳಗಿನ ಸುತ್ತಿನಲ್ಲಿ ಅವಳು ಹಸುಗೂಸುಗಳ ವಾರ್ಡಿಗೆ ಬಂದಾಗ ಡ್ಯೂಟಿ ಡಾಕ್ಟರ್ ಮೂರನೆಯ ತೊಟ್ಟಿಲ ಬಳಿ ಬಗ್ಗಿ ನಿಂತಿದ್ದ. ಅದೇ ಔಷಧಿಯ ಬಾಟಲಿ ಪಕ್ಕದಲ್ಲಿತ್ತು. ಸಿರಿಂಜಿನಲ್ಲಿ ಒಂದು ಮಿಲಿ ಇರಬೇಕಾದಲ್ಲಿ ಮೂರು ಮಿಲಿ ಇತ್ತು. ಅವಳು ಹೋಗಿ ಅವನ ಮಣಿಕಟ್ಟು ಹಿಡಿದಳು. ದನಿ ಏರಲಿಲ್ಲ.

"ಇದು ಇಡೀ ದಿನದ್ದು. ಕೆಳಗಿಡಿ."

"ಇಲ್ಲ ಮೇಡಂ, ಒಂದು ಹೊತ್ತಿಂದೇ. ಹೊಸ ಪ್ರಮಾಣ, ಹೋದ ವಾರ ಬಂದಿದೆ. ಯಾರು ಬೇಕಾದ್ರೂ ಬಿಟ್ಟಿಯಾಗಿ ಓದಬಹುದು." ಅವನು ಇನ್ನೊಂದು ಕೈಯಲ್ಲಿ ಫೋನ್ ತೆಗೆದು ತೋರಿಸಿದ. ಏಳನೆಯ ಪುಟದ ಕೋಷ್ಟಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

"ಯಾರ‍್ರೀ ಇದನ್ನ ನೋಡಿ ಹಾಕಿದ್ದು?"

ಅವನು ಹೆಬ್ಬೆರಳಿನಿಂದ ಪುಟಗಳನ್ನು ಕೊನೆಯವರೆಗೆ ಸರಿಸಿದ. ಅವನ ಮುಖದಲ್ಲಿ ಗೊಂದಲಕ್ಕಿಂತ ಗೌರವವೇ ಹೆಚ್ಚಿತ್ತು.

"ಸುಮ್ನೆ ಹಾಕಿಲ್ಲ ಮೇಡಂ. ಇಬ್ಬರು ತಜ್ಞರು ಪರಿಶೀಲಿಸಿದಾರೆ ಅಂತ ಇಲ್ಲೇ ಕೊಟ್ಟಿದಾರೆ ನೋಡಿ. ಮೊದಲನೇ ಹೆಸರು ನಿಮ್ಮದೇ. ಅದನ್ನ ನೋಡಿಯೇ ನಾನು ಧೈರ್ಯವಾಗಿ ತುಂಬಿದ್ದು."