ಕಪ್ಪೆ ಕೊಯ್ದ ದಾಖಲೆ

“ಕಪ್ಪೆ ಎಲ್ಲಿ?” ಎಂದು ಕೇಳಿದ ಗುಮಾಸ್ತ.

ಕಿಟಕಿಯ ಆಚೆ ನಿಂತಿದ್ದವರು ಒಂದು ಕ್ಷಣ ನೆಲ ನೋಡಿದರು.

“ಅರ್ಜಿಯಲ್ಲಿ, ಸ್ವಾಮಿ. ಒಂಬತ್ತನೇ ಅಂಶ. ಹನ್ನೆರಡನೇ ಕ್ಲಾಸಲ್ಲಿ ಕಪ್ಪೆ ಕೊಯ್ದಿದ್ದೀರಿ ಅನ್ನೋದಕ್ಕೆ ಸ್ಕೂಲಿನವರ ಕಾಗದ.”

ಅವರಿಗೆ ಅರವತ್ತು ಹತ್ತಿರವಾಗಿತ್ತು. ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಮೊದಲ ವರ್ಷಕ್ಕೆ ಸೇರಲು ಹದಿನೇಳು ತುಂಬಿರಬೇಕು ಎಂದಷ್ಟೇ ನಿಯಮ. ಎಷ್ಟಕ್ಕೆ ನಿಲ್ಲಿಸಬೇಕು ಎಂದು ಯಾರೂ ಬರೆದಿರಲಿಲ್ಲ. ಹಾಗಾಗಿ ಗುಮಾಸ್ತ ವಯಸ್ಸಿನ ತಂಟೆಗೆ ಹೋಗಲಿಲ್ಲ. ಹೆಸರಿನ ತಂಟೆಗಂತೂ ಅವನು ಯಾವತ್ತೂ ಹೋದವನಲ್ಲ. ಅರ್ಜಿ ಕೈಗೆ ಬಂದ ಕೂಡಲೇ ಹೆಸರಿನ ಮೇಲೆ ಒಂದು ರಟ್ಟಿನ ಪಟ್ಟಿ ಇಟ್ಟುಬಿಡುತ್ತಿದ್ದ. ಹೆಸರು ಕಂಡರೆ ದಾಕ್ಷಿಣ್ಯ ಹುಟ್ಟುತ್ತದೆ ಎಂಬುದು ಅವನ ಸಿದ್ಧಾಂತ.

ಕಚೇರಿಯಲ್ಲಿ ಅವನನ್ನು ಭೂತಗನ್ನಡಿ ಎನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಅವನು ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಎಲ್ಲರೂ ಸಾಹೇಬರೇ ಅಂತಾರೆ ಎಂದು ಅಮ್ಮನಿಗೆ ಹೇಳಿದ್ದ. ಭೂತಗನ್ನಡಿ ಎಂಬ ಬಿರುದೇನೂ ಬಿಟ್ಟಿ ಬಂದದ್ದಲ್ಲ. ಕಳೆದ ತಿಂಗಳಷ್ಟೇ ನೆಲಮಾಳಿಗೆಯ ಕಡತಗಳನ್ನು ಜಾಲಾಡಿ, ಎಂದೋ ಆಗಿಹೋಗಿದ್ದ ೪೧೭ನೇ ನಂಬರಿನ ಪ್ರವೇಶದಲ್ಲಿ ಲೋಪವೊಂದನ್ನು ಹಿಡಿದು ಮೇಲಕ್ಕೆ ಬರೆದಿದ್ದ. ಕುಲಸಚಿವರು ಬೆನ್ನು ತಟ್ಟಿದ್ದರು. ಆ ಬೆನ್ನು ಇನ್ನೂ ನೆಟ್ಟಗೇ ಇತ್ತು.

“ಕಪ್ಪೆ ಕೊಯ್ದಿದ್ದೀನಿ,” ಎಂದರು ಹಿರಿಯರು.

“ಬಾಯಲ್ಲಾದ್ರೆ ಆನೆನೂ ಕೊಯ್ಯಬಹುದು. ಕಾಗದ?”

“ಆ ಸ್ಕೂಲೇ ಈಗಿಲ್ಲ. ಅಲ್ಲಿ ಪೆಟ್ರೋಲ್ ಬಂಕ್ ಆಗಿದೆ.”

“ಹಾಗಾದ್ರೆ ಇಲ್ಲೊಂದು ಸ್ಕೂಲಿತ್ತು ಅಂತ ಬಂಕಿನವರ ಹತ್ರ ಬರೆಸ್ಕೊಂಡು ಬನ್ನಿ. ಸೀಲು ಇರಬೇಕು.”

“ಈಗ ಯಾವ ಸ್ಕೂಲಲ್ಲೂ ಕಪ್ಪೆ ಕೊಯ್ಯಲ್ವಲ್ಲ?”

“ಇಲ್ಲ. ಮಕ್ಕಳು ಪೇಪರ್ ಮೇಲೆ ಬರೆದ ಕಪ್ಪೆಯನ್ನ ಕತ್ತರೀಲಿ ಕತ್ತರಿಸಿ ಕಾಗದ ತರ್ತಾರೆ. ಕಪ್ಪೆ ಹೋಗಿದೆ, ನಿಯಮ ಹೋಗಿಲ್ಲ.”

ಹಿರಿಯರು ಗೋಡೆ ಗಡಿಯಾರ ನೋಡಿದರು. ಗುಮಾಸ್ತನೂ ನೋಡಿದ. ಹತ್ತೂಕಾಲು. ಇವತ್ತು ಪ್ರವೇಶದ ಕೊನೆಯ ದಿನ, ಹತ್ತೂವರೆಗೆ ಕಿಟಕಿ ಮುಚ್ಚಬೇಕು, ಮತ್ತೆ ತೆರೆಯುವುದು ಮುಂದಿನ ವರ್ಷವೇ. ಈ ಸಲ ಅದು ಅವನಿಗೆ ಅನುಕೂಲವೇ ಆಗಿತ್ತು. ಇದೇ ಕಟ್ಟಡದ ನಾಲ್ಕನೇ ಮಹಡಿಯ ಆಸ್ಪತ್ರೆಯಲ್ಲಿ ಇವತ್ತು ಅಮ್ಮನ ಹೃದಯದ ಆಪರೇಷನ್. ಎಂಟು ತಿಂಗಳು ಕಾದು ಸಿಕ್ಕ ಸರದಿ. ಅಕ್ಕನೇ ಎಲ್ಲ ಓಡಾಡಿದ್ದಳು. ಅವನಿಗೆ ಕಡತಗಳಿಂದ ಬಿಡುವಿರಲಿಲ್ಲ. ಒಳಗೆ ಕರೆದುಕೊಂಡು ಹೋಗುವ ಮುಂಚೆ ಒಂದು ಸಲ ಮುಖ ತೋರಿಸದಿದ್ದರೆ ಅಮ್ಮ ಹೆದರಿಬಿಡುತ್ತಾಳೆ ಎಂದು ಅವನು ಬೆಳಗಿನಿಂದ ಗಡಿಯಾರ ನೋಡುತ್ತಲೇ ಇದ್ದ.

“ಈಗ ಏನು ಕೆಲಸ ಮಾಡ್ಕೊಂಡಿದ್ದೀರಿ?”

“ಕೈಕೆಲಸ. ನಿನ್ನೆವರೆಗೆ.”

“ಬಿಟ್ರಾ?”

“ಬಿಡಿಸಿದ್ರು.”

ಕೆಲಸ ಹೋದ ಮೇಲೆ ವಿದ್ಯೆ ನೆನಪಾಗಿದೆ, ಪಾಪ, ಎಂದುಕೊಂಡ ಗುಮಾಸ್ತ. ಕನಿಕರ ಬಂತು. ರಟ್ಟನ್ನು ಇನ್ನಷ್ಟು ಒತ್ತಿ ಹಿಡಿದು ಮುಂದಿನ ಹಾಳೆ ತಿರುವಿದ.

“ಆರೋಗ್ಯ ಚೆನ್ನಾಗಿದೆ ಅನ್ನೋ ಪತ್ರಕ್ಕೆ ಡಾಕ್ಟರ ಸಹಿಯೂ ಇಲ್ಲ.”

ಹಿರಿಯರ ಕೈ ತಟ್ಟನೆ ಜೇಬಿನ ಪೆನ್ನಿಗೆ ಹೋಯಿತು. ಮುಚ್ಚಳವನ್ನೂ ತೆಗೆದರು. ಆಮೇಲೆ ಏನೋ ನೆನಪಾದವರಂತೆ ಮುಚ್ಚಿ ಒಳಗಿಟ್ಟರು.

“ಇವತ್ತು ಆಗಲ್ಲ,” ಎಂದರು. “ನೋಡಿ, ನಾನು ಯಾರು ಅಂತ ಹೇಳಿದ್ರೆ...”

“ಹೇಳಬೇಡಿ! ಯಾರು ಅಂತ ಗೊತ್ತಾದ್ರೆ ನಿಯಮ ಸಡಿಲ ಆಗುತ್ತೆ. ಇವತ್ತು ನಿಮಗೆ ಬಿಟ್ರೆ ನಾಳೆ ಇನ್ಯಾರೋ ಬರ್ತಾರೆ. ಕಪ್ಪೆ ಕೊಯ್ದ ಗುರುತಿಲ್ಲದೋರೆಲ್ಲ ಒಳಗೆ ಸೇರಿಕೊಂಡ್ರೆ ರೋಗಿಗಳ ಗತಿ ಏನು? ನಮ್ಮನೇವರನ್ನೂ ಅಂಥೋರ ಕೈಗೆ ಕೊಡೋಕಾಗುತ್ತಾ?”

ಗಡಿಯಾರ ಹತ್ತೂವರೆ ತೋರಿಸಿತು. ಗುಮಾಸ್ತ ಅರ್ಜಿಯ ಮೇಲೆ ‘ತಿರಸ್ಕರಿಸಲಾಗಿದೆ’ ಎಂದು ಮೊಹರು ಗುದ್ದಿದ.

“ಮುಂದಿನ ವರ್ಷ ಬನ್ನಿ.”

“ನನಗೇನು, ಕಾಯಬಹುದು,” ಎಂದರು ಹಿರಿಯರು. “ಕಾಯೋಕೆ ಆಗದೇ ಇರೋರಿಗೆ ಕಷ್ಟ.”

ಹೋಗುವ ಮುಂಚೆ ಅವರು ಎರಡೂ ಅಂಗೈಗಳನ್ನು ಚೆನ್ನಾಗಿ ಉಜ್ಜಿ, ಕಿಟಕಿಯ ತೂತಿನಿಂದ ಕೈ ತೂರಿಸಿ, ಮುದ್ರೆ ಒತ್ತಿದ ಗುಮಾಸ್ತನ ಕೈಯನ್ನು ಕುಲುಕಿದರು. ಬೆಚ್ಚಗಿನ ಕೈ. ಬೈಸಿಕೊಳ್ಳಲು ಸಿದ್ಧನಾಗಿದ್ದ ಗುಮಾಸ್ತನಿಗೆ ಕಸಿವಿಸಿಯಾಯಿತು.

“ನಿಮ್ಮ ನಾಡಿ ಬಹಳ ಓಡ್ತಿದೆ. ಸ್ವಲ್ಪ ನೀರು ಕುಡೀರಿ,” ಎಂದು ಹೇಳಿ ಹೊರಟುಹೋದರು.

ಗುಮಾಸ್ತ ಕಿಟಕಿ ಎಳೆದು, ಬೀಗ ಹಾಕಿ, ಹಾಕಿದ್ದು ಸರಿಯೇ ಎಂದು ಮೂರು ಸಲ ಜಗ್ಗಿ ನೋಡಿ, ನೀರು ಕುಡಿದು, ನಾಲ್ಕು ಮಹಡಿ ಹತ್ತಿದ. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ.

ಅಮ್ಮ ಹಸಿರು ನಿಲುವಂಗಿ, ತಲೆಗೆ ಟೋಪಿ ಹಾಕಿಕೊಂಡು ಗಾಲಿಮಂಚದ ಮೇಲೆ ಕಾರಿಡಾರಿನಲ್ಲೇ ಮಲಗಿದ್ದಳು. ಪಕ್ಕದಲ್ಲಿ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಹನ್ನೊಂದಾದರೂ ಆಪರೇಷನ್ ಕೋಣೆಯ ದೀಪ ಹತ್ತಿರಲಿಲ್ಲ.

“ಆಪರೇಷನ್ ಇಲ್ಲ,” ಎಂದಳು ನರ್ಸ್. “ಈ ಕೇಸ್ ಮಾಡೋಕೆ ಬರೋದು ಅವರೊಬ್ಬರಿಗೇ. ಅವರೇ ಇಲ್ಲ.”

ಗುಮಾಸ್ತನ ಪಿತ್ತ ನೆತ್ತಿಗೇರಿತು. “ಇಲ್ಲ ಅಂದ್ರೆ? ಎಂಟು ತಿಂಗಳು ಕಾದಿದ್ದೀವಿ! ಇನ್ನೊಂದು ತಿಂಗಳೂ ತಡೆಯಲ್ಲ ಅಂತ ನೀವೇ ಹೇಳಿದ್ರಲ್ಲ! ಇಂಥ ದಿನ ನಾಪತ್ತೆ ಆಗೋ ಬೇಜವಾಬ್ದಾರಿ ಮನುಷ್ಯ ಯಾರ್ರೀ ಅವನು?”

“ಅವನು ಗಿವನು ಅನ್ಬೇಡ ಕಣೋ,” ಎಂದು ಅಮ್ಮ ಮಲಗಿದಲ್ಲಿಂದಲೇ ಗದರಿಸಿದಳು. “ಮುಟ್ಟೋ ಮುಂಚೆ ಪಾಪ, ಅಂಗೈ ಉಜ್ಜಿ ಬೆಚ್ಚಗೆ ಮಾಡ್ಕೊಳ್ಳೋ ಪುಣ್ಯಾತ್ಮ.”

ಗುಮಾಸ್ತ ತನ್ನ ಬಲಗೈ ನೋಡಿಕೊಂಡ.

“ಈ ನರ್ಸಮ್ಮ ಹೇಳಿದ್ರು, ಯಾರೋ ಹಳೇ ಫೈಲು ಕೆದಕಿ ಅವರ ಡಿಗ್ರಿನೇ ರದ್ದು ಮಾಡ್ಸಿದಾರಂತೆ; ಮತ್ತೆ ಒಂದನೇ ವರ್ಷಕ್ಕೆ ಸೇರಿದ್ರೇ ಚಾಕು ಮುಟ್ಟಬೇಕಂತೆ. ನೀನು ಅಲ್ಲೇ ಸಾಹೇಬ ಅಲ್ವೇನೋ, ಓಡಿಹೋಗಿ ಒಂದು ಮಾತು ಹೇಳು ಮಗನೇ, ಕೆಳಗೆ ಭೂತಗನ್ನಡಿ ಅನ್ನೋ ಯಾವನೋ ಕಪ್ಪೆ ಎಲ್ಲಿ ಅಂತ ಕೇಳ್ತಾ ಕೂತಿದಾನಂತೆ!”